ಇಸ್ತ್ರಿಯಮ್ಮನ ಹನ್ನೊಂದು ಗೂಡು

ಆ ದಿನ ಬೆಳಿಗ್ಗೆ ಇಸ್ತ್ರಿಯಮ್ಮನಿಗೆ ಒಳಗೊಳಗೇ ಖುಷಿ. ಗಂಡ ಸಾಕಿದ ಹುಳಗಳಲ್ಲಿ ಕೊನೆಯದೂ ಗೂಡು ಕಟ್ಟಿಕೊಂಡಿತ್ತು. ಒಟ್ಟು ಹನ್ನೊಂದು. ಗೂಡು ಕಟ್ಟಿದ ಹುಳ ತಿನ್ನುವುದಿಲ್ಲ. ತಿನ್ನದಿದ್ದರೆ ಸೊಪ್ಪು ಬೇಡ. ಸೊಪ್ಪು ಬೇಡವೆಂದರೆ ಗಂಡ ಎದ್ದ ಕೂಡಲೇ ಟೀಚರಮ್ಮನ ಮನೆಗೆ ಓಡುವ ಕೆಲಸವೂ ಮುಗಿಯಿತು.

ಅವಳು ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ, ಬೀಸಣಿಗೆ ಆಡಿಸುತ್ತ ನಿಂತಿದ್ದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ಕಬ್ಬಿಣದ ಜಾಲರಿಯ ಬಾಗಿಲು, ಒಂದು ಮೇಜು, ಮೇಜಿನ ಮೇಲುಗಡೆ ಒಂದು ಹಲಗೆ, ಕೋಟು ನೇತುಹಾಕುವುದಕ್ಕೆ ಒಂದು ಸರಳು. ಅಷ್ಟೇ. ಗಂಡ ಹಿಂದಿನ ಜಗಲಿಯಿಂದ ಬಂದು ಕೈ ಚಾಚಿದ.

"ಬಾಟ್ಲಿ ಕೊಡು."

ಬಾಟ್ಲಿ ಎಂದರೆ ಬಟ್ಟೆಗೆ ನೀರು ಚಿಮುಕಿಸುವ ಬಾಟ್ಲಿ. ಒಂದು ತಿಂಗಳಿನಿಂದ ದಿನಾ ಬೆಳಿಗ್ಗೆ ಅದನ್ನು ಒಯ್ದು, ಹುಳದ ಪೆಟ್ಟಿಗೆಗೆಲ್ಲ ಹೊಡೆದು, ಅರ್ಧ ಖಾಲಿ ಮಾಡಿ ತಂದಿಡುತ್ತಿದ್ದ. ಸೊಪ್ಪು ಬಾಡಬಾರದು ಅಂತ ಹೊಡೆಯುತ್ತಾನೆ ಎಂದು ಅವಳು ತಿಳಿದಿದ್ದಳು.

"ಸೊಪ್ಪೇ ಇಲ್ಲ, ಇನ್ಯಾತಕ್ಕೆ ನೀರು?"

"ಬೇಕು, ಕೊಡು."

"ಇದು ಬಟ್ಟೆ ಬಾಟ್ಲಿ. ಹುಳಕ್ಕೆ ಬೇಕಾದ್ರೆ ನಿಮ್ಮ ಟೀಚರಮ್ಮನ್ನ ಕೇಳಿ. ಅವಳ ಹತ್ರ ಇಲ್ದೇ ಇರೋದು ಏನಿದೆ?"

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಕ್ಕ. ಆಯ್ತು, ಕೇಳ್ತೀನಿ ಎಂದು ಚೀಲ ಹೆಗಲಿಗೆ ಹಾಕಿ ಮೆಟ್ಟಿಲಿಳಿದ. ಎಡಕ್ಕೆ ಹೋದರೆ ಅವನ ಕೆಲಸದ ಜಾಗ. ಬಲಕ್ಕೆ ಹೋದರೆ ಟೀಚರಮ್ಮನ ಓಣಿ. ಬಲಕ್ಕೆ ತಿರುಗಿದ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಕುಕ್ಕಿದಳು. ಕೊನೆಗೆ ನೋಡಿದ್ದು ಬಲಕ್ಕೆ ತಿರುಗಿದ ಆ ಬೆನ್ನು.

ಮಧ್ಯಾಹ್ನ ಹನ್ನೆರಡೂವರೆಗೆ ಜೊತೆ ಕೆಲಸದವರು ಬಂದು ನಿಂತರು. ಕಂಬದಿಂದ ಇಳಿದನಂತೆ. ಏಣಿಯ ಬುಡದಲ್ಲಿ ಕೂತನಂತೆ. ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಪ್ರಾಣ ಹೋಗಿತ್ತು. ಚೀಲವನ್ನು ಅವಳ ಕೈಗೆ ಕೊಟ್ಟರು. ಅದರಲ್ಲಿ ಇಕ್ಕಳ, ಟೆಸ್ಟರು, ಕಪ್ಪು ಟೇಪು, ಕನ್ನಡಕ, ತೆರೆಯದ ಊಟದ ಡಬ್ಬಿ. ಅವಳು ಎರಡು ಸಲ ಕೈಯಾಡಿಸಿದಳು. ಅಳು ಬರುವುದಕ್ಕೂ ಮೊದಲು ಅವಳು ಹುಡುಕಿದ್ದು ಟೀಚರಮ್ಮ ಕೊಟ್ಟಿರಬೇಕಾದ ಬಾಟ್ಲಿಯನ್ನು. ಬಾಟ್ಲಿ ಇರಲಿಲ್ಲ. ಹಾಗಾದರೆ ಅವನು ಬಾಟ್ಲಿಗೆ ಹೋಗಿರಲಿಲ್ಲ. ಸುಮ್ಮನೆ ಹೋಗಿದ್ದ.

ಬೀದಿಯವರೆಲ್ಲ ಅವನನ್ನು ದೀಪಣ್ಣ ಎನ್ನುತ್ತಿದ್ದರು. ಬೀದಿ ದೀಪ ಕೆಟ್ಟರೆ ಸರಿಮಾಡುವುದು ಅವನ ಕೆಲಸ. ದೀಪದ ಗಾಜಿನ ಬುಟ್ಟಿ ಬಿಚ್ಚಿದರೆ ಒಳಗೆ ಬೊಗಸೆ ತುಂಬ ಸತ್ತ ಹುಳ. ಉಳಿದವರು ಕೊಡವಿ ಬಿಸಾಕುತ್ತಿದ್ದರು. ಇವನು ಕಾಗದದಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಒಂದು ಸಲ ಕಂಬದ ಬುಡದಲ್ಲಿ ಅಂಗೈಗಿಂತ ದೊಡ್ಡದೊಂದು ಪತಂಗ ಜೀವಂತ ಸಿಕ್ಕಿತು. ಇಟ್ಟಿಗೆ ಬಣ್ಣ, ರೆಕ್ಕೆಯ ನಡುವೆ ಗಾಜಿನಂಥ ಕಿಟಕಿ, ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ. ಅದು ಮೊಟ್ಟೆ ಇಟ್ಟಿತು. ಅಲ್ಲಿಂದ ಹಿಡಿಯಿತು ಅವನಿಗೆ ಹುಚ್ಚು.

ಎರಡು ವರ್ಷ ದೀಪದ ಉಗ್ರಾಣದ ಮೂಲೆಯಲ್ಲೇ ಸಾಕಿದ. ಹೊಸ ಅಧಿಕಾರಿ ಬಂದು ಎತ್ತು ಇಲ್ಲಿಂದ ಎಂದಾಗ ಪೆಟ್ಟಿಗೆ ಮನೆಗೆ ಬಂತು. ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಗೊತ್ತಾಗಿದ್ದು ಆಗಲೇ. ಟೀಚರಮ್ಮನ ಅಂಗಳದ ಸೀಬೆ ಮರದಿಂದ. ಊರಲ್ಲಿ ಬೇರೆ ಸೀಬೆ ಮರವೇ ಇಲ್ಲವೇ ಎಂದು ಕೇಳಿದ್ದಳು. ಇದೆ, ಆದರೆ ಆ ಮರವೇ ಆಗಬೇಕು ಎಂದಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೇ ಗೊತ್ತು ಅಂದುಕೊಂಡಳು.

ಟೀಚರಮ್ಮ ಒಂಟಿ ಹೆಂಗಸು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಭಾನುವಾರ ಭಾನುವಾರ ಒಂದು ಪುಸ್ತಕ ಹಿಡಿದು ಬಂದು ಪೆಟ್ಟಿಗೆಯ ಮುಂದೆ ಕೂತು ಹುಳದ ಚಿತ್ರ ಬರೆಯುತ್ತಿದ್ದಳು. ಬೀದಿಗೆಲ್ಲ ದೀಪಣ್ಣ ಆದವನು ಅವಳಿಗೆ ಮಾತ್ರ 'ದೀಪದವರು'. ಅಣ್ಣ ಎನ್ನುವುದಕ್ಕೆ ಇವಳ ನಾಲಿಗೆಗೆ ಏನು ಬಂದಿದೆ ಎಂದು ಇಸ್ತ್ರಿಯಮ್ಮ ಬಟ್ಟೆ ಮಡಿಸುತ್ತ ಯೋಚಿಸುತ್ತಿದ್ದಳು. ಜಗಲಿಯಲ್ಲಿ ಇಬ್ಬರದೂ ಒಂದೇ ಮಾತು. ಹುಳ ಮೊಟ್ಟೆಯಿಂದ ಬಂದ ಕೂಡಲೇ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ದಪ್ಪಗಾದ ಹಾಗೆ ಚರ್ಮ ಬಿಗಿಯಾಗಿ ಪೊರೆ ಕಳಚುತ್ತದೆ. ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಬರುತ್ತದೆ. ಗೂಡು ಕಟ್ಟುವ ಮೊದಲು ಎಲೆಯ ತೊಟ್ಟನ್ನು ಕೊಂಬೆಗೆ ನೂಲಿನಿಂದ ಬಿಗಿಯುತ್ತದೆ, ಎಲೆ ಉದುರಿದರೂ ಗೂಡು ಬೀಳಬಾರದು ನೋಡಿ. ಹೀಗೆ. ಅವನು ಹೆಂಡತಿಯ ಹತ್ತಿರ ಒಂದು ತಿಂಗಳು ಆಡುವ ಮಾತನ್ನು ಅಲ್ಲಿ ಒಂದು ಗಂಟೆಯಲ್ಲಿ ಆಡಿ ಮುಗಿಸುತ್ತಿದ್ದ.

ಇವಳಿಗೆ ಹೇಳಿರಲಿಲ್ಲ ಎಂದಲ್ಲ. ಹೇಳಿದ್ದ. ಗೂಡನ್ನು ಅಂಗೈಯಲ್ಲಿಟ್ಟು, ಭಾರ ಇದ್ದರೆ ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ ಇರುತ್ತೆ. ಹಗುರ ಇದ್ದರೆ ಗಂಡು ಎಂದಿದ್ದ. ನಿನ್ನ ಕೈಗೆ ಗೊತ್ತಾಗುತ್ತೆ, ಬಟ್ಟೆ ಮುಟ್ಟಿ ತೂಕ ಹೇಳುವವಳು ನೀನು ಎಂದೂ ಹೇಳಿದ್ದ. ಗಂಡಿನ ಮೀಸೆ ಹಕ್ಕಿಯ ಗರಿಯ ಹಾಗೆ ಇರುತ್ತೆ, ಆ ಮೀಸೆಯಲ್ಲೇ ಮೈಲಿ ದೂರದ ಹೆಣ್ಣಿನ ವಾಸನೆ ಹಿಡಿಯುತ್ತೆ ಎಂದಾಗ ಅವಳು, ಹೌದು ಕೆಲವರಿಗೆ ಹಾಗೇ ಇರುತ್ತೆ ಎಂದು ಚುಚ್ಚಿದ್ದಳು.

ಅವನು ಹೋದ ಮೂರನೇ ವಾರ ಟೀಚರಮ್ಮ ಬಂದಳು. ಜಾಲರಿಯ ಹೊರಗೇ ನಿಂತಳು. ಮುಖ ಊದಿಕೊಂಡಿತ್ತು. ಇವಳು ಯಾವ ಲೆಕ್ಕದಲ್ಲಿ ಅತ್ತಳು?

"ಗೂಡುಗಳನ್ನ ನಾನು ನೋಡ್ಕೊಳ್ಳಲಾ? ನಿಮಗೆ ಕೆಲಸದ ಮಧ್ಯೆ ಕಷ್ಟ ಆಗಬಹುದು."

"ನನ್ನ ಗಂಡ ಬಿಟ್ಟು ಹೋಗಿದ್ದು ನನಗೆ ಕಷ್ಟ ಆಗಲ್ಲ."

"ಹಾಗಲ್ಲ. ಅವಕ್ಕೆ ದಿನಾ..."

"ನನಗೆ ಗೊತ್ತು."

ಅವಳಿಗೆ ಗೊತ್ತಿರಲಿಲ್ಲ. ಟೀಚರಮ್ಮ ಹೋದ ಮೇಲೆ ಜಗಲಿಯಿಂದ ಪೆಟ್ಟಿಗೆ ತಂದು ಮೇಜಿನ ಮೇಲಿನ ಹಲಗೆಯಲ್ಲಿ ಇಟ್ಟಳು. ಇಸ್ತ್ರಿ ಮಾಡಿದ ಬಟ್ಟೆ ಇಡುವ ಜಾಗ ಅದು. ಕೆಳಗೆ ಇದ್ದಿಲ ಪೆಟ್ಟಿಗೆ ಇಡೀ ದಿನ ಉರಿಯುವುದರಿಂದ ಅಲ್ಲಿ ಸದಾ ಬೆಚ್ಚಗೆ. ಜೀವಮಾನವಿಡೀ ಅವಳು ಕಲಿತದ್ದು ಒಂದೇ: ಒಣಗಿದ್ದು ಉಳಿಯುತ್ತದೆ, ಹಸಿಯಾಗಿ ಮಡಿಸಿಟ್ಟಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ತನ್ನ ಕೈಯಲ್ಲಿ ಇರುವ ಜಾಗದಲ್ಲೆಲ್ಲ ಒಳ್ಳೆಯದನ್ನೇ ಅವಳು ಆ ಹನ್ನೊಂದು ಗೂಡಿಗೆ ಕೊಟ್ಟಳು. ಬಾಟ್ಲಿಯನ್ನು ಮಾತ್ರ ಆ ಕಡೆ ತಿರುಗಿಸಲೇ ಇಲ್ಲ. ಬಾಟ್ಲಿ ಕಂಡರೆ ಬಲಕ್ಕೆ ತಿರುಗಿದ ಬೆನ್ನು ಕಾಣುತ್ತಿತ್ತು.

ನಾದಿನಿ ದಿನಾ ಬಂದು ಒಂದು ಗಳಿಗೆ ಕೂತು ಹೋಗುತ್ತಿದ್ದಳು. ಅಣ್ಣನ ಹಾಗೇ ನಗಿಸಿ ಮಾತಾಡುವವಳು.

"ಅತ್ತಿಗೆ, ಎಲ್ಲರ ಸವತಿಗೆ ಎರಡು ಕಾಲು. ನಿನ್ನ ಸವತಿಗೆ ಆರು. ನೀನು ಮಾತ್ರ ಎರಡು ಕಾಲಿನವಳ ಮೇಲೆ ಸಿಟ್ಟು ಮಾಡ್ಕೊಂಡಿದ್ದೀಯ."

"ಆರು ಕಾಲಿನವಳು ಭಾನುವಾರ ಪುಸ್ತಕ ಹಿಡ್ಕೊಂಡು ಬರಲ್ಲ."

"ನನ್ನಣ್ಣನಿಗೆ ಅಷ್ಟು ಧೈರ್ಯ ಎಲ್ಲಿತ್ತು ಬಿಡು. ಹಲ್ಲು ಕೀಳಿಸ್ಕೊಳ್ಳೋಕೂ ನಿನ್ನ ಕೈ ಹಿಡ್ಕೊಂಡೇ ಹೋದವನು."

ಇಸ್ತ್ರಿಯಮ್ಮ ನಗಲಿಲ್ಲ. ಆದರೆ ಆ ಮಾತನ್ನು ಎತ್ತಿಟ್ಟುಕೊಂಡಳು.

ಗೂಡು ಕಟ್ಟಿ ಐದು ವಾರಕ್ಕೆ, ಒಂದು ಬೆಳಿಗ್ಗೆ, ಪೆಟ್ಟಿಗೆಯಲ್ಲಿ ಕರಕರ ಸದ್ದಾಯಿತು. ಒಂದು ಗೂಡಿನ ಬಾಯಿಂದ ತಲೆ ಹೊರಗೆ ಬಂದಿತ್ತು. ಮೈ ಸಿಕ್ಕಿಕೊಂಡಿತ್ತು. ಒಣಗಿ ಕಾಗದದ ಹಾಗೆ ಗಟ್ಟಿಯಾದ ಗೂಡು ಬಿಡುತ್ತಿರಲಿಲ್ಲ. ಅವಳು ಕತ್ತರಿಯ ತುದಿಯಿಂದ ಬಾಯಿ ಬಿಡಿಸಿದಳು. ಅದು ತೆವಳಿ ಹೊರಬಂತು. ಹೊಟ್ಟೆ ದಪ್ಪ. ಹೆಣ್ಣು. ರೆಕ್ಕೆ ಒದ್ದೆ ಚಿಂದಿಯ ಹಾಗೆ ಮುದುರಿತ್ತು. ಹಾಗೇ ಗೋಡೆ ಹತ್ತಿ, ಸರಳು ಹಿಡಿದು, ಅಲ್ಲಿ ನೇತಾಡುತ್ತಿದ್ದ ವಕೀಲರ ಕಪ್ಪು ಕೋಟಿನ ಮೇಲೆ ಹೋಗಿ ತೂಗಿಕೊಂಡಿತು.

ಈಗ ಬಿಚ್ಚಿಕೊಳ್ಳುತ್ತದೆ ಎಂದು ಅವಳು ಕಾದಳು. ರೆಕ್ಕೆಗೆ ಮೈಯ ರಸ ಇಳಿದು ಅದು ಹಾಸಿದ ಬಟ್ಟೆಯ ಹಾಗೆ ಅಗಲವಾಗಬೇಕು, ಅದಕ್ಕೆ ಒಂದೆರಡು ಗಂಟೆ ಮಾತ್ರ ಸಮಯ, ಅಷ್ಟರಲ್ಲಿ ಆಗದಿದ್ದರೆ ಇಲ್ಲ. ಇದನ್ನೂ ಅವನೇ ಹೇಳಿದ್ದ. ಗಂಟೆ ಹನ್ನೊಂದಾಯಿತು. ರೆಕ್ಕೆ ಮುದುರಿಯೇ ಇತ್ತು. ಆಗ ಅವಳು ಬಾಟ್ಲಿ ಎತ್ತಿ ನೀರು ಹೊಡೆದಳು. ಮೂವತ್ತು ವರ್ಷದಲ್ಲಿ ಅವಳ ಕೈಗೆ ಬಂದ ಯಾವ ಸುಕ್ಕೂ ನೀರಿಗೂ ಬಿಸಿಗೂ ಬಗ್ಗದೇ ಉಳಿದದ್ದಿಲ್ಲ. ಈ ಸುಕ್ಕು ಉಳಿಯಿತು.

ಸಕ್ಕರೆ ನೀರು ಮಾಡಿ ಹತ್ತಿಯಲ್ಲಿ ಅದ್ದಿ ಹಿಡಿದಳು. ಅದು ಮುಟ್ಟಲಿಲ್ಲ. ಕಣ್ಣು ಹತ್ತಿರ ಮಾಡಿ ನೋಡಿದಳು. ಬಾಯಿ ಇರಬೇಕಾದ ಕಡೆ ಬಾಯಿಯೇ ಇರಲಿಲ್ಲ. ಹುಳವಾಗಿದ್ದಾಗ ತಿಂದದ್ದೇ ಕೊನೆಯವರೆಗೆ. ಆ ದಿನ ಅವಳೂ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯಲು ಬಂದವಳು ಅಲ್ಲೇ ನಿಂತಳು. ಕೋಟಿನ ಮೇಲೆ ಎರಡಿದ್ದವು. ಜಾಲರಿಯ ಕಿಂಡಿಯಿಂದ ಗಂಡೊಂದು ಎಲ್ಲಿಂದಲೋ ಬಂದಿತ್ತು. ಗರಿಯಂಥ ಮೀಸೆ. ರೆಕ್ಕೆಯ ಅಂಚು ಹರಿದಿತ್ತು, ಎಷ್ಟು ದೂರದಿಂದ ಬಂದಿತ್ತೋ. ಮುದುರಿದ ರೆಕ್ಕೆಯವಳಿಗೆ ಬೆನ್ನ ಹಿಂದಿನಿಂದ ಅಂಟಿಕೊಂಡು ಕದಲದೆ ಕೂತಿತ್ತು.

ಇಸ್ತ್ರಿಯಮ್ಮ ಸ್ಟೂಲು ಎಳೆದು ಕೂತಳು. ಅವಳಿಗೆ ಹೊಟ್ಟೆ ಉರಿಯಿತು. ಸುಳ್ಳಲ್ಲ, ನಿಜವಾಗಿಯೇ ಉರಿಯಿತು. ಇವಳು ಹಾರಲಾರಳು. ಎದ್ದು ಹೋಗಿ ಕರೆದವಳೂ ಅಲ್ಲ. ಕೂತ ಜಾಗದಲ್ಲೇ ಕೂತಿದ್ದಳು. ಅಷ್ಟಕ್ಕೇ ಒಬ್ಬ ಊರೆಲ್ಲ ದಾಟಿ, ಬೇರೆ ಕಿಟಕಿಗಳನ್ನೆಲ್ಲ ಬಿಟ್ಟು, ಬಂದಿದ್ದಾನೆ. ನಾನು ನೆಟ್ಟಗೆ ನಿಂತಿದ್ದೆ, ಬಿಸಿ ಅನ್ನ ಹಾಕಿದ್ದೆ, ಅಂಗಿಯ ಕಾಲರು ಕತ್ತಿಯ ಹಾಗೆ ಮಾಡಿ ಕೊಟ್ಟಿದ್ದೆ. ನನ್ನವನು ಬಲಕ್ಕೆ ತಿರುಗಿದ.

ಸಂಜೆ ಗಂಡು ಬಿಟ್ಟು ಹೋಯಿತು. ಹೆಣ್ಣು ಕೋಟಿನ ಕಾಲರಿನ ಉದ್ದಕ್ಕೂ ಮೊಟ್ಟೆ ಇಡಲು ಶುರು ಮಾಡಿತು. ಸಾಸಿವೆಗಿಂತ ಸ್ವಲ್ಪ ದೊಡ್ಡವು, ಕಂದು ಕೆಂಪು. ನಾಲ್ಕು ದಿನ ಇಟ್ಟಿತು. ಆರನೇ ದಿನ ಕೆಳಗೆ ಬಿದ್ದಿತ್ತು. ಹೊಟ್ಟೆ ಖಾಲಿ ಚೀಲದ ಹಾಗೆ ಹಗುರ.

ವಕೀಲರು ಕೋಟಿಗೆ ಬಂದರು. ಅವಳು ಇನ್ನೂ ಆಗಿಲ್ಲ ಎಂದಳು. ಎರಡು ದಿನ ಬಿಟ್ಟು ಬಂದರು. ಇನ್ನೊಂದು ವಾರ ಎಂದಳು.

"ನಾನು ಕೇಸು ಮುಂದಕ್ಕೆ ಹಾಕಿಸೋದನ್ನ ನೀನು ನನ್ನ ಮೇಲೇ ತೀರಿಸ್ಕೊಳ್ತಿದ್ದೀಯಲ್ಲಮ್ಮ. ಅಲ್ಲೇ ನೇತಾಡ್ತಿದೆಯಲ್ಲ ಕೋಟು?"

"ನೇತಾಡ್ತಿದೆ. ಕಾಲರಿಗೆ ಕೆಲಸ ಇದೆ."

ಹತ್ತನೇ ದಿನ ಕಾಲರಿನ ಮೇಲೆ ನೂಲಿನ ತುಂಡಿನಂಥ ಹುಳಗಳು ಸಿಪ್ಪೆ ತಿನ್ನುತ್ತಿದ್ದವು. ನೂರಕ್ಕೂ ಮೇಲೆ. ಸಿಪ್ಪೆ ಮುಗಿದರೆ ಸೊಪ್ಪು ಬೇಕು. ಅವಳು ಬಲಕ್ಕೆ ಹೋಗಲಿಲ್ಲ. ಪ್ರಾಣ ಹೋದರೂ ಆ ಕಡೆ ಇಲ್ಲ ಎಂದುಕೊಂಡು ಎಡಕ್ಕೆ ಹೋದಳು. ಮೂಲೆ ಮನೆಯವರ ಸೀಬೆಯಿಂದ ಎರಡು ಕೊಂಬೆ ಕೇಳಿ ತಂದಳು. ಒಳ್ಳೆಯ ಹಸಿರು ಎಲೆ, ಒಂದು ತೂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳಗಳು ಸುರುಳಿ ಸುತ್ತಿಕೊಂಡು ಉದುರತೊಡಗಿದವು. ಎಲೆಗೆ ಔಷಧಿ ಹೊಡೆದಿದ್ದರು. ತೂತಿಲ್ಲದ ಎಲೆ ಎಂದರೆ ಅದೇ. ಆ ಮರವೇ ಆಗಬೇಕು ಎಂದು ಗಂಡ ಯಾಕೆ ಹೇಳಿದ್ದ ಎಂದು ಆಗ ತಿಳಿಯಿತು. ಸಂಜೆಗೆ ನಲವತ್ತು ಉಳಿದಿದ್ದವು.

ಅವಳು ಚಪ್ಪಲಿ ಮೆಟ್ಟಿ ಬಲಕ್ಕೆ ಹೊರಟಳು.

ಓಣಿಯ ಕೊನೆಗೆ ಇಪ್ಪತ್ತಾರು ಮೆಟ್ಟಿಲು, ಮೇಲೆ ಟೀಚರಮ್ಮನ ಮನೆ. ಅಂಗಳದ ಸೀಬೆ ಮರದ ಒಂದು ಎಲೆಯೂ ನೆಟ್ಟಗಿರಲಿಲ್ಲ, ಎಲ್ಲ ಹುಳ ತಿಂದ ತೂತು. ಟೀಚರಮ್ಮ ಬಾಗಿಲು ತೆಗೆದು, ಇವಳನ್ನು ನೋಡಿದವಳೇ ಒಳಗೆ ಹೋಗಿ ಕತ್ತರಿ ತಂದಳು. ಇಸ್ತ್ರಿಯಮ್ಮ ಅಂಗಳದಲ್ಲೇ ನಿಂತಳು. ಕೊಂಬೆ ಕತ್ತರಿಸುತ್ತ ಟೀಚರಮ್ಮ, ಗೂಡುಗಳಿಗೆ ನೀರು ಹೊಡೀತಿದ್ದೀರಾ ಎಂದು ಕೇಳಿದಳು. ಗೂಡಿಗೆ ಯಾಕೆ ನೀರು ಎಂದು ಇವಳು ಕೇಳಿದಳು. ಒಣಗಿದರೆ ಒಳಗಿನದು ಹೊರಗೆ ಬರಲಾರದು, ಬಂದರೂ ರೆಕ್ಕೆ ಬಿಚ್ಚದು, ದಿನಾ ಬೆಳಿಗ್ಗೆ ಮಂಜು ಬಿದ್ದ ಹಾಗೆ ಒಂದಿಷ್ಟು ತೇವ ಬೇಕು ಎಂದು ಟೀಚರಮ್ಮ ಹೇಳಿದಳು. ಇಸ್ತ್ರಿಯಮ್ಮನಿಗೆ ಕೋಟಿನ ಮೇಲಿನ ಮುದುರಿದ ರೆಕ್ಕೆ ಕಣ್ಣ ಮುಂದೆ ಬಂತು. ಇನ್ನು ತಡೆದುಕೊಳ್ಳಲಾಗಲಿಲ್ಲ.

"ಅವತ್ತು ಬೆಳಿಗ್ಗೆ ಇಲ್ಲಿಗೆ ಯಾಕೆ ಬಂದಿದ್ರು?"

"ಬಾಟ್ಲಿ ಕೇಳೋಕೆ."

"ಸುಳ್ಳು. ಚೀಲದಲ್ಲಿ ಬಾಟ್ಲಿ ಇರಲಿಲ್ಲ."

ಟೀಚರಮ್ಮ ಗಿಡದ ಕುಂಡದ ಹಿಂದಿನಿಂದ ಒಂದು ಹಸಿರು ಬಾಟ್ಲಿ ಎತ್ತಿ ತಂದಳು.

"ಕೊಟ್ಟೆ. ಇಲ್ಲೇ ಒಂದೆರಡು ಸಲ ಒತ್ತಿ ನೋಡಿದ್ರು. ಇದು ಮಳೆ ಹನಿ ಹಾಗೆ ಬೀಳುತ್ತೆ, ಗೂಡು ನೆನೆದು ಕೊಳೆಯುತ್ತೆ, ನಮ್ಮನೆಯವಳದ್ದು ಹೊಗೆ ಹಾಗೆ ಬರುತ್ತೆ ಅಂದ್ರು. ಸಿಟ್ಟಲ್ಲಿದ್ದಾಳೆ, ಸಂಜೆ ಇಳಿದಿರುತ್ತೆ, ಆಗ ಕೇಳ್ತೀನಿ ಅಂತ ಇಟ್ಟು ಹೋದ್ರು."

ಇಸ್ತ್ರಿಯಮ್ಮ ಹಸಿರು ಬಾಟ್ಲಿ ತೆಗೆದುಕೊಂಡು ತಾನೂ ಒಂದು ಸಲ ಒತ್ತಿದಳು. ನಿಜ. ದಪ್ಪ ಹನಿ. ಇದರಲ್ಲಿ ಒಂದು ಕರವಸ್ತ್ರವೂ ಇಸ್ತ್ರಿಯಾಗದು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಟೀಚರಮ್ಮ ನಿಲ್ಲಿಸಲಿಲ್ಲ. ಅವತ್ತೂ ಮೆಟ್ಟಿಲು ಹತ್ತಿ ಬಂದು ಮರದ ಬುಡದ ಆ ಕಲ್ಲಿನ ಮೇಲೆ ತುಂಬ ಹೊತ್ತು ಕೂತಿದ್ದರು, ನಾಲ್ಕೈದು ತಿಂಗಳಿಂದ ಏದುಸಿರು, ಮನೆಯಲ್ಲಿ ಹೇಳಿದ್ದೀರಾ ಅಂದರೆ ಅವಳು ಗಾಬರಿ ಬೀಳ್ತಾಳೆ ಅನ್ನುತ್ತಿದ್ದರು ಎಂದಳು.

ಇಸ್ತ್ರಿಯಮ್ಮ ಆ ಕಲ್ಲನ್ನು ನೋಡಿದಳು. ಕೂತು ಕೂತು ನುಣುಪಾಗಿತ್ತು. ಪುಸ್ತಕ, ಚಿತ್ರ, ಭಾನುವಾರ ಎಲ್ಲ ಹೋಗಲಿ. ದಣಿವನ್ನು ಅವನು ಇಲ್ಲಿ ಇಳಿಸಿದ್ದ. ತನ್ನ ಮುಂದೆ ಇಪ್ಪತ್ತೈದು ವರ್ಷದವನ ಹಾಗೆ ಏಣಿ ಹೊತ್ತು ಹೋಗುತ್ತಿದ್ದ. ಇದಕ್ಕೆ ಹೊಟ್ಟೆಕಿಚ್ಚು ಪಡದಿದ್ದರೆ ಇನ್ಯಾವುದಕ್ಕೆ ಪಡಬೇಕು? ಅವಳು ಸೊಪ್ಪು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ಹದಿನಾಲ್ಕನೇ ಮೆಟ್ಟಿಲಿನಲ್ಲಿ ಕೂತು ಅತ್ತಳು.

ಸೊಪ್ಪಿಗೆ ಬದಲಾಗಿ ಏನಾದರೂ ಕೊಡಬೇಕು. ಸುಮ್ಮನೆ ಪಡೆಯುವುದು ಅವಳಿಗೆ ಆಗುವುದಿಲ್ಲ, ಅದರಲ್ಲೂ ಆ ಮನೆಯಿಂದ. ಮರುದಿನ ಬೆಳಿಗ್ಗೆ ಗೂಡುಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡಿದಳು. ಹತ್ತು ಉಳಿದಿದ್ದವು. ಮೂರು ಹಗುರ. ಉಳಿದವು ಭಾರ. ಆ ಹಗುರದ ಮೂರನ್ನೇ ಕಾಗದದಲ್ಲಿ ಸುತ್ತಿ ಒಯ್ದು ಕೊಟ್ಟಳು. ಟೀಚರಮ್ಮ ಕೈಯಲ್ಲಿಟ್ಟು ತೂಗಿದಳು.

"ಮೂರೂ ಹಗುರ ಇವೆಯಲ್ಲ?"

"ಗೂಡು ಇನ್ನೇನು ಕಲ್ಲಿನ ಹಾಗೆ ಇರುತ್ತಾ?"

ಟೀಚರಮ್ಮ ಅವಳ ಮುಖ ನೋಡಿದಳು. ಅರ್ಥವಾಯಿತೋ ಇಲ್ಲವೋ, ತೆಗೆದುಕೊಂಡಳು.

ದಿನಾ ಬೆಳಿಗ್ಗೆ ಗೂಡಿಗೆ ನೀರು ಹೊಡೆಯುತ್ತ ಮೂರು ವಾರ ಕಳೆದ ಮೇಲೆ ಸರಳಿನಲ್ಲಿ ರೆಕ್ಕೆ ಪೂರಾ ಬಿಚ್ಚಿದ ಒಂದು ಹೆಣ್ಣು ತೂಗುತ್ತಿತ್ತು. ವಕೀಲರ ಕೋಟು ಆಗಲೇ ಹೋಗಿತ್ತು. ಮರುದಿನ ಬೆಳಿಗ್ಗೆ ಅದರ ಪಕ್ಕದಲ್ಲಿ ಗಂಡೊಂದು ಕೂತಿತ್ತು. ರೆಕ್ಕೆಯ ಅಂಚು ಹರಿದಿರಲಿಲ್ಲ, ಹತ್ತಿರದಿಂದಲೇ ಬಂದದ್ದು. ಸೊಪ್ಪಿಗೆ ಹೋದಾಗ ಟೀಚರಮ್ಮ ತಾನಾಗಿಯೇ ಹೇಳಿದಳು: ನಿನ್ನೆ ಒಂದು ಹೊರಗೆ ಬಂತು, ಸಂಜೆ ಕಿಟಕಿ ತೆಗೆದದ್ದೇ ತಡ, ಒಂದು ಗಳಿಗೆ ನಿಲ್ಲಲಿಲ್ಲ, ನಿಮ್ಮ ಮನೆ ಕಡೆಗೇ ಹಾರಿಹೋಯಿತು.

"ಹೌದಾ?" ಎಂದಳು ಇಸ್ತ್ರಿಯಮ್ಮ. ಇಪ್ಪತ್ತಾರು ಮೆಟ್ಟಿಲೂ ಇಳಿದು, ಓಣಿ ತಿರುಗಿ, ಮನೆಯ ಜಾಲರಿ ಎಳೆದುಕೊಂಡ ಮೇಲೆ ನಕ್ಕಳು. ಅವನು ಹೋದ ಮೇಲೆ ಮೊದಲ ಸಲ.

ಆ ಹೆಣ್ಣಿನ ಮೊಟ್ಟೆ ಹುಳವಾಗಿ, ಹುಳ ಗೂಡಾಗಿ, ಗೂಡು ಮತ್ತೆ ರೆಕ್ಕೆಯಾಗಿ ಈಗ ಎಷ್ಟೋ ಸಲ ಆಗಿದೆ. ಟೀಚರಮ್ಮನಿಗೆ ಅವಳು ಪ್ರತಿ ಸಲವೂ ಹಗುರದ ಗೂಡನ್ನೇ ಕೊಡುತ್ತಾಳೆ. ಆ ಕಲ್ಲಿನ ಮೇಲೆ ಮಾತ್ರ ಇವತ್ತಿನವರೆಗೂ ಕೂತಿಲ್ಲ.

ಬೆಳಿಗ್ಗೆ ಎದ್ದು ಬಾಟ್ಲಿಗೆ ನೀರು ತುಂಬುತ್ತಾಳೆ. ಬಾಯಿಯನ್ನು ತಿರುಗಿಸಿ ತಿರುಗಿಸಿ, ಹೊಗೆಯ ಹಾಗೆ ಬರುವವರೆಗೆ ಗಾಳಿಯಲ್ಲಿ ಒತ್ತಿ ನೋಡುತ್ತಾಳೆ. ಹಿಂದಿನ ಜಗಲಿಗೆ ಹೋಗಿ, ಹಲಗೆಯಿಂದ ಮತ್ತೆ ಅಲ್ಲಿಗೇ ಸೇರಿದ ಗೂಡಿನ ಪೆಟ್ಟಿಗೆಗೆ ಮೂರು ಸಲ ಹೊಡೆಯುತ್ತಾಳೆ. ಆಮೇಲೆ ಮುಂದೆ ಬಂದು ಇದ್ದಿಲು ಹೊತ್ತಿಸಿ, ಮೊದಲ ಅಂಗಿ ಹಾಸುತ್ತಾಳೆ.